ಬಿಂಬರಹಿತ ಚಲನಚಿತ್ರ

ತೆರೆಯ ಮೇಲೆ ದೃಶ್ಯವನ್ನು ತೋರಿಸದೆ, ಇಲ್ಲವೆ ಕಪ್ಪು, ಬಿಳಿ, ನೀಲಿಯಂಥ ಒಂದೇ ಬಣ್ಣವನ್ನು ಉಳಿಸಿಕೊಂಡು, ಮಾತು, ಸಂಗೀತ, ಸದ್ದು ಮತ್ತು ಮೌನಗಳಿಂದಲೇ ಕಟ್ಟಿದ ಪ್ರಯೋಗಶೀಲ ಚಿತ್ರವನ್ನು ಬಿಂಬರಹಿತ ಚಲನಚಿತ್ರ ಎನ್ನಲಾಗುತ್ತದೆ. ಬರ್ಲಿನ್ನಿನಲ್ಲಿ 1930ರಲ್ಲಿ ತಯಾರಾದ ವಾಲ್ಟರ್ ರುಟ್‌ಮನ್ನನ 'ವೀಕೆಂಡ್' ಈ ಪ್ರಕಾರದ ಮೊದಲ ಮುಖ್ಯ ಕೃತಿಯಾಗಿದ್ದು, ಅನಂತರ ಪ್ಯಾರಿಸ್, ಲಂಡನ್, ಲಿಸ್ಬನ್ ಮತ್ತು ಅಮೆರಿಕದ ಹಾರ್ವರ್ಡ್‌ಗಳಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಾರಣಗಳಿಂದ ಇಂಥ ಚಿತ್ರಗಳು ಬಂದಿವೆ. ಇವುಗಳ ಸಂಖ್ಯೆ ಕಡಿಮೆ, ಒಂದು ಪಂಥವೆನ್ನುವಷ್ಟು ಒಗ್ಗಟ್ಟೂ ಇವುಗಳಲ್ಲಿಲ್ಲ. ಆದರೂ ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹಣ, ಸಲಕರಣೆಗಳ ಕೊರತೆಯಿಂದ ಬಿಂಬವನ್ನು ಕೈಬಿಟ್ಟವರು ವಿರಳ, ತೋರಿಸುವುದು ಸುಳ್ಳಾಗುವ, ಅಸಾಧ್ಯವಾಗುವ ಅಥವಾ ಅನ್ಯಾಯವಾಗುವ ಜಾಗದಲ್ಲಿ ಯೋಚಿಸಿಯೇ ಕೈಬಿಟ್ಟವರು ಹೆಚ್ಚು.

ದೃಶ್ಯವಿಲ್ಲದ ಚಿತ್ರಕ್ಕೂ ಬಾನುಲಿ ನಾಟಕಕ್ಕೂ ಏನು ವ್ಯತ್ಯಾಸವೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬಾನುಲಿಯ ಶ್ರೋತೃ ತೆರೆಯನ್ನು ನಿರೀಕ್ಷಿಸಿರುವುದಿಲ್ಲ. ಅಡುಗೆ ಮಾಡುತ್ತಲೋ ನಡೆದಾಡುತ್ತಲೋ ಕೇಳುವ ಸ್ವಾತಂತ್ರ್ಯ ಅವನಿಗಿರುತ್ತದೆ. ಬಿಂಬರಹಿತ ಚಿತ್ರದ ಪ್ರೇಕ್ಷಕನಾದರೋ ಟಿಕೆಟ್ಟು ಕೊಂಡು, ಕತ್ತಲ ಸಭಾಂಗಣದಲ್ಲಿ ಇತರರ ನಡುವೆ ಕುಳಿತು, ಬಿಂಬ ಮೂಡಬೇಕಾದ ಜಾಗವನ್ನೇ ದಿಟ್ಟಿಸುತ್ತ ಕೇಳುತ್ತಾನೆ. ಆದ್ದರಿಂದ ಬಿಂಬದ ಗೈರುಹಾಜರಿ ಅವನ ಅನುಭವದ ಭಾಗವೇ ಆಗಿಬಿಡುತ್ತದೆ. ವೇಷ, ಕುಣಿತಗಳನ್ನು ಬಿಟ್ಟು ಹಾಡುಗಾರಿಕೆ ಮತ್ತು ಅರ್ಥಗಾರಿಕೆಯಿಂದಲೇ ಯಕ್ಷಗಾನದ ಪ್ರಸಂಗವನ್ನು ನಡೆಸುವ ತಾಳಮದ್ದಳೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ವ್ಯತ್ಯಾಸವನ್ನು ಗ್ರಹಿಸುವುದು ಕಷ್ಟವಲ್ಲ: ಅಲ್ಲಿ ಕುಳಿತವರಿಗೆ ರಂಗದ ವೇಷಗಳ ನೆನಪು ಇದ್ದೇ ಇರುತ್ತದೆ, ಆ ನೆನಪಿನ ಮೇಲೆಯೇ ಅರ್ಥಧಾರಿ ತನ್ನ ಮಾತನ್ನು ಕಟ್ಟುತ್ತಾನೆ. ಆಕಾಶವಾಣಿ ಕೇಂದ್ರಗಳು ಜನಪ್ರಿಯ ಚಲನಚಿತ್ರಗಳ ಧ್ವನಿಪಥವನ್ನು ಸಂಕ್ಷೇಪಿಸಿ ಬಿತ್ತರಿಸುತ್ತಿದ್ದುದಾಗಲಿ, ಚಿತ್ರಗಳ ಸಂಭಾಷಣೆಯ ಧ್ವನಿಮುದ್ರಿಕೆಗಳು ಮಾರಾಟವಾಗುತ್ತಿದ್ದುದಾಗಲಿ ಈ ಪ್ರಕಾರಕ್ಕೆ ಸೇರುವುದಿಲ್ಲ. ಅಲ್ಲಿ ಬಿಂಬ ಬೇರೆಡೆ ಇದ್ದೇ ಇತ್ತು, ಕೇಳುಗನಿಗೆ ತಲುಪಿರಲಿಲ್ಲ ಅಷ್ಟೆ.

ತಾಂತ್ರಿಕ ಹಿನ್ನೆಲೆ

ಚಲನಚಿತ್ರದಲ್ಲಿ ಧ್ವನಿಯನ್ನು ಬಿಂಬದಿಂದ ಬಿಡಿಸಲು ಸಾಧ್ಯವಾದದ್ದು ಅವೆರಡೂ ಮೊದಲಿನಿಂದಲೇ ಬೇರೆ ಬೇರೆಯಾಗಿದ್ದುದರಿಂದ. ಬೆಳಕಿನ ಧ್ವನಿಮುದ್ರಣ ಪದ್ಧತಿಯಲ್ಲಿ ಮೈಕ್ರೊಫೋನು ಹಿಡಿದ ಕಂಪನವು ವಿದ್ಯುತ್ತಾಗಿ, ಆ ವಿದ್ಯುತ್ತು ಬೆಳಕಿನ ಏರಿಳಿತವಾಗಿ, ಫಿಲ್ಮಿನ ಅಂಚಿನಲ್ಲಿ ಕಿರಿದಾದ ಪಟ್ಟಿಯಾಗಿ ಅಚ್ಚಾಗುತ್ತದೆ. ಪ್ರೊಜೆಕ್ಟರಿನಲ್ಲಿ ಈ ಪಟ್ಟಿಯ ಮೂಲಕ ಹಾದ ಬೆಳಕು ಮತ್ತೆ ಸದ್ದಾಗುತ್ತದೆ. ಬಿಂಬದ ಚೌಕಟ್ಟುಗಳು ದೀಪದ ಮುಂದೆ ಒಂದೊಂದಾಗಿ ನಿಂತು ನಿಂತು ಸಾಗಬೇಕು, ಧ್ವನಿಯ ಪಟ್ಟಿಯಾದರೋ ಎಡೆಬಿಡದೆ ಒಂದೇ ವೇಗದಲ್ಲಿ ಓಡಬೇಕು. ಇವೆರಡನ್ನೂ ಒಂದೇ ಜಾಗದಲ್ಲಿ ಓದಲು ಆಗದ ಕಾರಣ 35 ಮಿಲಿಮೀಟರಿನ ಫಿಲ್ಮಿನಲ್ಲಿ ಧ್ವನಿಯನ್ನು ಅದರ ಬಿಂಬಕ್ಕಿಂತ ಸುಮಾರು 20 ಚೌಕಟ್ಟು ಮುಂದೆ, 16 ಮಿಲಿಮೀಟರಿನದರಲ್ಲಿ 26 ಚೌಕಟ್ಟು ಮುಂದೆ ಅಚ್ಚು ಮಾಡಲಾಗುತ್ತಿತ್ತು. ಅಂದರೆ ಪ್ರೇಕ್ಷಕನು ಒಟ್ಟಿಗೆ ಕಂಡು ಕೇಳುವ ತುಟಿ ಮತ್ತು ಮಾತು ಸುರುಳಿಯ ಮೇಲೆ ಎಂದೂ ಅಕ್ಕಪಕ್ಕದಲ್ಲಿ ಇರಲಿಲ್ಲ; ಅವುಗಳ ಐಕ್ಯ ಪ್ರದರ್ಶನದ ಹೊತ್ತಿನಲ್ಲಿ ಮಾತ್ರ ಸಿದ್ಧಿಸುವಂಥದು.

ಇದೇ ಪದ್ಧತಿಯ ಇನ್ನೊಂದು ಗುಣವು ಈ ಪ್ರಕಾರದ ಹುಟ್ಟಿಗೆ ನೇರವಾಗಿ ಕಾರಣವಾಯಿತು. ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ 35 ಮಿಲಿಮೀಟರಿನ ಫಿಲ್ಮು ಸುಮಾರು 45.7 ಸೆಂಟಿಮೀಟರ್ ಓಡುತ್ತದೆ. ಒಂದು ಸೆಕೆಂಡಿನ ಸದ್ದು ಹೀಗೆ ಕೈಗೆ ಸಿಗುವ, ಅಳೆಯಬಹುದಾದ, ಕತ್ತರಿಸಿ ಅಂಟಿಸಬಹುದಾದ ಉದ್ದವಾಗಿಬಿಟ್ಟಿತು. ಆ ಕಾಲದ ಬಾನುಲಿ ಕೇಂದ್ರಗಳ ಬಳಿ ಇದ್ದ ಮೇಣದ ತಟ್ಟೆಗಳನ್ನಾಗಲಿ ಗ್ರಾಮಫೋನು ತಟ್ಟೆಗಳನ್ನಾಗಲಿ ಹೀಗೆ ಕತ್ತರಿಸುವಂತಿರಲಿಲ್ಲ. ಕಾಂತೀಯ ಟೇಪಿನ ಯಂತ್ರ ಬರ್ಲಿನ್ನಿನ ಬಾನುಲಿ ಮೇಳದಲ್ಲಿ ಸಾರ್ವಜನಿಕರಿಗೆ ಕಾಣಿಸಿಕೊಂಡದ್ದು 1935ರಲ್ಲಿ.

ಬರ್ಲಿನ್: ರುಟ್‌ಮನ್ ಮತ್ತು 'ವೀಕೆಂಡ್'

ವಾಲ್ಟರ್ ರುಟ್‌ಮನ್ (1887–1941) ಚಿತ್ರಕಾರನಾಗಿದ್ದವನು. 1921ರ 'ಓಪಸ್ 1'ರಲ್ಲಿ ಬಣ್ಣದ ಆಕೃತಿಗಳನ್ನು ಸಂಗೀತದಂತೆ ಚಲಿಸುವಂತೆ ಮಾಡಿ, 1927ರ 'ಬರ್ಲಿನ್: ಮಹಾನಗರದ ಸಿಂಫನಿ'ಯಲ್ಲಿ ನಗರದ ಒಂದು ದಿನವನ್ನು ಲಯಬದ್ಧ ಸಂಕಲನದಿಂದ ಕಟ್ಟಿ ಹೆಸರಾಗಿದ್ದನು. ಬರ್ಲಿನ್ ಬಾನುಲಿಯ ನಿರ್ದೇಶಕ ಹಾನ್ಸ್ ಫ್ಲೆಶ್ ಬಾನುಲಿಗೆ ಅದರದೇ ಆದ ಕಲೆ ಬೇಕೆಂದು ಹಂಬಲಿಸುತ್ತಿದ್ದನು. ಅವನ ಬೇಡಿಕೆಯ ಮೇರೆಗೆ ರುಟ್‌ಮನ್ ಟ್ರೈ-ಎರ್ಗಾನ್ ಎಂಬ ಜರ್ಮನ್ ಬೆಳಕಿನ ಧ್ವನಿಮುದ್ರಣ ಪದ್ಧತಿಯಿಂದ, ಬಿಂಬವನ್ನು ತೆಗೆಯದೆ, ಫಿಲ್ಮಿನ ಮೇಲೆ ಸದ್ದನ್ನು ಮಾತ್ರ ಸಂಗ್ರಹಿಸಿದನು. ಸುಮಾರು 240 ತುಣುಕುಗಳಿಂದ ಕೂಡಿದ, 11 ನಿಮಿಷಗಳಿಗೆ ಕೊಂಚವಷ್ಟೇ ಹೆಚ್ಚಿನ ಈ ಕೃತಿ 1930ರ ಜೂನ್ 13ರಂದು ಬಾನುಲಿಯಲ್ಲಿ ಬಿತ್ತರವಾಯಿತು; ಬಾನುಲಿಗಾಗಿ ಹುಟ್ಟಿದರೂ ಫಿಲ್ಮಿನ ಮೇಲೆ ಕಟ್ಟಿದ ಕೃತಿಯಾದ್ದರಿಂದ ಇದು ಈ ಪ್ರಕಾರಕ್ಕೆ ಸೇರುತ್ತದೆ. ಸರಾಸರಿಯಲ್ಲಿ ಒಂದು ತುಣುಕಿಗೆ ಮೂರು ಸೆಕೆಂಡೂ ಸಿಗುವುದಿಲ್ಲವೆಂಬುದನ್ನು ಗಮನಿಸಿದರೆ ಆ ಕಾಲಕ್ಕೆ ಇದು ಎಂಥ ಸಾಹಸವೆಂಬುದು ತಿಳಿಯುತ್ತದೆ.

ಕೃತಿಯ ವಸ್ತು ಸರಳವಾದದ್ದು: ಶನಿವಾರದ ಕೆಲಸ ಮುಗಿಯುತ್ತದೆ, ಜನ ಊರಾಚೆ ಹೋಗುತ್ತಾರೆ, ಭಾನುವಾರ ಕಳೆಯುತ್ತದೆ, ಸೋಮವಾರ ಮತ್ತೆ ಕೆಲಸ. ಆರಂಭದಲ್ಲಿ ಗರಗಸ, ಸುತ್ತಿಗೆ, ಬೆರಳಚ್ಚು ಯಂತ್ರ, ದೂರವಾಣಿ, ಅಂಗಡಿಯ ಹಣದ ಯಂತ್ರ ಮತ್ತು ಪತ್ರದ ಒಕ್ಕಣೆ ಹೇಳುವ ಯಜಮಾನನ ದನಿ ಒಂದರ ಮೇಲೊಂದು ಬಿದ್ದು ಕಾರ್ಖಾನೆ ಕಚೇರಿಗಳ ಗಡಿಬಿಡಿಯನ್ನು ಜಾಸ್ ಸಂಗೀತದ ಗತಿಗೆ ಏರಿಸುತ್ತವೆ. ನಡುವೆ ಮಗುವೊಂದು ಗಯಟೆಯ ಪದ್ಯವನ್ನು ತಡವರಿಸುತ್ತ ಒಪ್ಪಿಸುತ್ತದೆ. ಊರು ಬಿಟ್ಟಮೇಲೆ ತುಣುಕುಗಳು ಉದ್ದವಾಗುತ್ತವೆ, ಕೋಳಿಯ ಕೂಗು, ಚರ್ಚಿನ ಗಂಟೆ, ದೂರದ ವಾದ್ಯಮೇಳಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಯಾವ ನಿರೂಪಕನೂ ಏನನ್ನೂ ವಿವರಿಸುವುದಿಲ್ಲ; ಒಂದು ಸದ್ದು ಎಷ್ಟು ಹೊತ್ತು ಇರುತ್ತದೆ, ಯಾವುದರ ಪಕ್ಕದಲ್ಲಿ ಇರುತ್ತದೆ ಎಂಬುದರಿಂದಲೇ ದುಡಿಮೆಯ ಕಾಲಕ್ಕೂ ಬಿಡುವಿನ ಕಾಲಕ್ಕೂ ಇರುವ ಅಂತರ ಕಿವಿಗೆ ತಾಗುತ್ತದೆ. ಮುಂದೆ ಬಂದ ಇಂಥ ಎಷ್ಟೋ ಕೃತಿಗಳು ಮಾತಿನ ಆಸರೆಯನ್ನು ಬಿಡಲಾರದೆ ಹೋದುದನ್ನು ನೋಡಿದರೆ, ಸದ್ದನ್ನೇ ನಂಬಿದ 'ವೀಕೆಂಡ್' ಇಂದಿಗೂ ಈ ಪ್ರಕಾರದ ಅತ್ಯಂತ ಶುದ್ಧ ಉದಾಹರಣೆಯಾಗಿ ಉಳಿದಿದೆ. ಬಹುಕಾಲ ಕಳೆದುಹೋಗಿದೆಯೆಂದು ತಿಳಿಯಲಾಗಿದ್ದ ಇದರ ಪ್ರತಿಯೊಂದು 1978ರಲ್ಲಿ ನ್ಯೂಯಾರ್ಕಿನಲ್ಲಿ ದೊರೆಯಿತು.

ಇದೇ ಕಾಲಕ್ಕೆ ಸೋವಿಯತ್ ನಿರ್ದೇಶಕ ಝೀಗಾ ವರ್ತೋಫ್ 'ಎಂಥೂಸಿಯಾಸಂ' ಚಿತ್ರಕ್ಕಾಗಿ ದೊನ್‌ಬಾಸಿನ ಕಲ್ಲಿದ್ದಲ ಗಣಿ ಮತ್ತು ಉಕ್ಕಿನ ಕಾರ್ಖಾನೆಗಳ ಸದ್ದನ್ನು ಸ್ಥಳದಲ್ಲಿಯೇ ಮುದ್ರಿಸಿದನು. ಯೌವನದಲ್ಲಿ ಶ್ರವಣದ ಪ್ರಯೋಗಶಾಲೆ ಎಂಬ ಹೆಸರಿಟ್ಟುಕೊಂಡು ಸದ್ದುಗಳನ್ನು ದಾಖಲಿಸಲು ಹೆಣಗಿದ್ದ ವರ್ತೋಫ್‌ನ ಈ ಚಿತ್ರದಲ್ಲಿ ಬಿಂಬವಿದೆ, ಆದರೆ ಅದು ಹಲವೆಡೆ ಸದ್ದಿಗೆ ಅಧೀನವಾಗಿ ನಡೆಯುತ್ತದೆ. ಎರಡನೆಯ ಮಹಾಯುದ್ಧದ ಅನಂತರ ಈ ದಾರಿ ಸಿನಿಮಾದಿಂದ ಸಂಗೀತದ ಕಡೆಗೆ ತಿರುಗಿತು. ಫ್ರೆಂಚ್ ಬಾನುಲಿಯ ಎಂಜಿನಿಯರ್ ಪಿಯೆರ್ ಶೆಫರ್ 1948ರಲ್ಲಿ ರೈಲುಗಾಡಿ ಮೊದಲಾದವುಗಳ ಮುದ್ರಿತ ಸದ್ದಿನಿಂದಲೇ ಸಂಗೀತ ರಚಿಸಿ ಅದನ್ನು ಮೂರ್ತ ಸಂಗೀತವೆಂದು ಕರೆದನು. ಅವನ ಬಳಗದ ಲುಕ್ ಫೆರಾರಿ ದಲ್ಮೇಶಿಯದ ವೇಲಾ ಲೂಕಾ ಎಂಬ ಮೀನುಗಾರರ ಊರಿನಲ್ಲಿ ಬೆಳಗಾಗುವ ಹೊತ್ತಿನ ಸದ್ದುಗಳನ್ನು ಮತ್ತೆ ಮತ್ತೆ ಮುದ್ರಿಸಿ 1970ರಲ್ಲಿ 'ಪ್ರೆಸ್ಕ್ ರಿಯೆನ್' ಎಂಬ ಕೃತಿಯನ್ನು ಪೂರ್ಣಗೊಳಿಸಿದನು. ಕಿವಿಯ ಸಿನಿಮಾ ಎಂಬ ಮಾತು ಇಂಥ ಕೃತಿಗಳ ಸುತ್ತಲೇ ಬಳಕೆಗೆ ಬಂದಿತು.

ಪ್ಯಾರಿಸ್: ಬಿಂಬದ ಮೇಲಿನ ದಾಳಿ

ರುಟ್‌ಮನ್ ಬಿಂಬವನ್ನು ಬಿಟ್ಟದ್ದು ಸದ್ದಿನ ಮೇಲಿನ ಪ್ರೀತಿಯಿಂದ. ಎರಡು ದಶಕಗಳ ಅನಂತರ ಪ್ಯಾರಿಸ್ಸಿನ ತರುಣರು ಬಿಟ್ಟದ್ದು ಸಿನಿಮಾದ ಮೇಲಿನ ಸಿಟ್ಟಿನಿಂದ. ರುಮೇನಿಯದಲ್ಲಿ ಹುಟ್ಟಿ 1945ರಲ್ಲಿ ಪ್ಯಾರಿಸ್ಸಿಗೆ ಬಂದ ಇಸಿಡೋರ್ ಇಸೂ, ಕಾವ್ಯವನ್ನು ಪದದಿಂದ ಬಿಡಿಸಿ ಅಕ್ಷರಕ್ಕೆ ಮತ್ತು ಬಾಯಿಯ ಸದ್ದಿಗೆ ಇಳಿಸಬೇಕೆನ್ನುವ ಲೆಟ್ರಿಸಂ ಎಂಬ ಚಳವಳಿಯನ್ನು ಸ್ಥಾಪಿಸಿದವನು. ಅವನ 'ಜೊಲ್ಲು ಮತ್ತು ಅನಂತತೆಯ ಪ್ರಬಂಧ' ಎಂಬ ಅರ್ಥದ ಶೀರ್ಷಿಕೆಯ 1951ರ ಚಿತ್ರದಲ್ಲಿ ಧ್ವನಿಪಥಕ್ಕೂ ದೃಶ್ಯಕ್ಕೂ ಬೇಕೆಂದೇ ಸಂಬಂಧ ತಪ್ಪಿಸಲಾಗಿದೆ: ಕಿವಿಗೆ ವಾದ, ಘೋಷಣೆ, ಲೆಟ್ರಿಸ್ಟ್ ಕಾವ್ಯ ಬೀಳುತ್ತಿದ್ದರೆ ಕಣ್ಣಿಗೆ ಬೀದಿಯಲ್ಲಿ ಅಲೆಯುವ ಲೇಖಕನೂ ಗೀಚಿ ಕೆಡಿಸಿದ ಹಳೆಯ ಫಿಲ್ಮೂ ಕಾಣುತ್ತವೆ. ಈ ಪದ್ಧತಿಯನ್ನು ಇಸೂ ವಿಸಂಗತ ಸಂಕಲನವೆಂದು ಕರೆದನು. ಅದೇ ವರ್ಷ ಕಾನ್ ಚಿತ್ರೋತ್ಸವದ ವೇಳೆಗೆ ಚಿತ್ರದ ದೃಶ್ಯಭಾಗ ಪೂರ್ತಿಯಾಗಿರದ ಕಾರಣ ಉಳಿದ ಭಾಗವನ್ನು ಕತ್ತಲಲ್ಲಿ ಬರಿಯ ಧ್ವನಿಯಾಗಿ ನುಡಿಸಲಾಯಿತು, ಸಭಾಂಗಣದಲ್ಲಿ ಗಲಾಟೆಯಾಯಿತು. ಆಗ ಕಾನ್‌ನಲ್ಲಿ ವಾಸವಾಗಿದ್ದ 19 ವರ್ಷದ ಗೀ ದಬೋರ್ ಈ ಗುಂಪಿನ ಸಂಪರ್ಕಕ್ಕೆ ಬಂದದ್ದು ಈ ಸಂದರ್ಭದಲ್ಲಿಯೇ.

ಮುಂದಿನ ವರ್ಷ ಈ ಗುಂಪಿನ ಇಬ್ಬರು ಈ ತರ್ಕವನ್ನು ಕೊನೆಮುಟ್ಟಿಸಿದರು. ಗಿಲ್ ವೊಲ್ಮನ್ನನ 'ಲಾಂತಿಕಾನ್ಸೆಪ್ಟ್' 1952ರ ಫೆಬ್ರವರಿ 11ರಂದು ಹವಾಮಾನ ಇಲಾಖೆಗಳು ಬಳಸುವಂಥ ಬಲೂನಿನ ಮೇಲೆ ಪ್ರದರ್ಶಿತವಾಯಿತು; ಬಿಳಿಯ ವೃತ್ತ ಮತ್ತು ಕತ್ತಲೆ ಸರದಿಯಂತೆ ಬಂದುಹೋಗುವುದರ ಹೊರತು ಅದರಲ್ಲಿ ಬಿಂಬವಿಲ್ಲ, ವೊಲ್ಮನ್ನನ ಉಸಿರು, ಉಗ್ಗು, ಓದು, ಕೂಗುಗಳೇ ಎಲ್ಲ. ಫ್ರಾನ್ಸಿನ ಸೆನ್ಸಾರ್ ಇದನ್ನು ಏಪ್ರಿಲ್ಲಿನಲ್ಲಿ ನಿಷೇಧಿಸಿತು. ದಬೋರನ 'ಸಾದ್‌ನ ಪರವಾಗಿ ಅರಚಾಟಗಳು' ಜೂನ್ 30ರಂದು ಪ್ಯಾರಿಸ್ಸಿನ ಮಾನವ ವಸ್ತುಸಂಗ್ರಹಾಲಯದಲ್ಲಿ ತೆರೆ ಕಂಡಿತು. ಅದರ ಮೊದಲ ಕರಡಿನಲ್ಲಿ ದೃಶ್ಯಗಳಿದ್ದವು, ಮುಗಿದ ಚಿತ್ರದಲ್ಲಿ ಒಂದೂ ಉಳಿಯಲಿಲ್ಲ. ಯಾರಾದರೂ ಮಾತನಾಡುವಾಗ ತೆರೆ ಬೆಳ್ಳಗಿರುತ್ತದೆ, ಮಾತು ನಿಂತೊಡನೆ ಕಪ್ಪಾಗುತ್ತದೆ. ಐವರು ಭಾವರಹಿತ ಸ್ವರದಲ್ಲಿ ಫ್ರಾನ್ಸಿನ ನಾಗರಿಕ ಸಂಹಿತೆಯ ಕಲಮುಗಳನ್ನು, ಪತ್ರಿಕೆಯ ಸುದ್ದಿಗಳನ್ನು, ತಮ್ಮ ಗೆಳೆತನದ ಮಾತುಗಳನ್ನು ಓದುತ್ತಾರೆ. ಒಂದು ಗಂಟೆಗೂ ಮೀರಿದ ಈ ಚಿತ್ರದಲ್ಲಿ ಮಾತು ಸುಮಾರು 20 ನಿಮಿಷ ಮಾತ್ರ; ಕೊನೆಯ 24 ನಿಮಿಷ ಪೂರ್ತಿ ಕತ್ತಲೆ ಮತ್ತು ಮೌನ. ಮೊದಲ ಪ್ರದರ್ಶನವನ್ನು ಪ್ರೇಕ್ಷಕರೂ ಸಂಘಟಕರೂ ಅರ್ಧದಲ್ಲೇ ನಿಲ್ಲಿಸಿದರು, ಪೂರ್ಣ ಪ್ರದರ್ಶನಕ್ಕೆ ಅಕ್ಟೋಬರಿನವರೆಗೆ ಕಾಯಬೇಕಾಯಿತು.

ಈ ಚಿತ್ರವನ್ನು ಕೇಳುವ ಸುಖಕ್ಕಾಗಿ ಯಾರೂ ಮತ್ತೆ ಹುಡುಕಿಕೊಂಡು ಹೋಗಲಾರರು. ಅದರ ಮಹತ್ತ್ವ ಇರುವುದು ಪ್ರೇಕ್ಷಕರನ್ನು ಅವರ ಕುರ್ಚಿಯಲ್ಲಿಯೇ ಬಯಲಿಗೆಳೆದುದರಲ್ಲಿ: ತೆರೆ ಕಪ್ಪಾಗಿ ಸದ್ದೂ ನಿಂತಾಗ ಸಭಾಂಗಣದ ಕೆಮ್ಮು, ಬೈಗುಳ, ಕುರ್ಚಿಯ ಕಿರುಗುಟ್ಟುವಿಕೆಗಳೇ ಧ್ವನಿಪಥವಾಗುತ್ತವೆ. ಆಧುನಿಕ ಸಮಾಜವು ಬದುಕನ್ನು ನೋಡುವ ವಸ್ತುವಾಗಿ ಮಾರ್ಪಡಿಸಿ ಜನರನ್ನು ನಿಷ್ಕ್ರಿಯರನ್ನಾಗಿಸಿದೆ ಎಂದು ದಬೋರ್ 1967ರ 'ಪ್ರದರ್ಶನದ ಸಮಾಜ' ಎಂಬ ಗ್ರಂಥದಲ್ಲಿ ಬೆಳೆಸಿದ ವಾದದ ಬೀಜ ಈ ಕತ್ತಲೆಯಲ್ಲಿದೆ.

ಬಿಂಬವನ್ನು ಕಳಚುವ ಪ್ರಯತ್ನ ಪ್ಯಾರಿಸ್ಸಿನ ಆಚೆಗೂ ನಡೆಯಿತು. ವಿಯನ್ನಾದ ಪೀಟರ್ ಕುಬೆಲ್ಕಾನ 'ಆರ್ನುಲ್ಫ್ ರೈನರ್' (1960) ಕಪ್ಪು ಚೌಕಟ್ಟು, ಬಿಳಿ ಚೌಕಟ್ಟು, ಮೊರೆತ, ನಿಶ್ಶಬ್ದ ಎಂಬ ನಾಲ್ಕೇ ಅಂಶಗಳಿಂದಾದ ಆರೂವರೆ ನಿಮಿಷದೊಳಗಿನ ಚಿತ್ರ; ಕಣ್ಣಿನ ಮೇಲೆ ಅದು ಮಾಡುವ ಆಘಾತದಿಂದಾಗಿ ಅದನ್ನು ಬಿಂಬರಹಿತವೆನ್ನುವುದಕ್ಕಿಂತ ಬೆಳಕಿನ ಚಿತ್ರವೆನ್ನುವುದು ಸರಿ. ಅಮೆರಿಕದ ಹಾಲಿಸ್ ಫ್ರ್ಯಾಂಪ್ಟನ್ 1968ರಲ್ಲಿ ಫಿಲ್ಮೇ ಇಲ್ಲದ ಪ್ರೊಜೆಕ್ಟರಿನ ಬೆಳಕನ್ನು ಗೋಡೆಗೆ ಬಿಟ್ಟು, ಮೈಕೆಲ್ ಸ್ನೋ ಎಂಬ ಇನ್ನೊಬ್ಬ ಚಿತ್ರನಿರ್ಮಾಪಕನ ದನಿಯಲ್ಲಿ ಮುದ್ರಿತವಾದ ಉಪನ್ಯಾಸವನ್ನು ನುಡಿಸಿದನು. ಆ ಬಿಳಿಯ ಆಯತದಲ್ಲಿ ಎಲ್ಲ ಚಿತ್ರಗಳೂ ಅಡಗಿವೆ, ಒಂದೊಂದು ಚಿತ್ರವೂ ಅದರಿಂದ ಏನನ್ನೋ ಕಳೆದು ಆದದ್ದು ಎಂಬುದು ಉಪನ್ಯಾಸದ ತಿರುಳು.

ಮಾರ್ಗರೀತ್ ದ್ಯುರಾಸ್

ಫ್ರೆಂಚ್ ಕಾದಂಬರಿಗಾರ್ತಿ ಮಾರ್ಗರೀತ್ ದ್ಯುರಾಸ್‌ಗೆ ಬಿಂಬದ ಮೇಲೆ ದ್ವೇಷವಿರಲಿಲ್ಲ, ಅಪನಂಬಿಕೆಯಿತ್ತು. 1937ರ ಕಲ್ಕತ್ತೆಯ ಫ್ರೆಂಚ್ ರಾಯಭಾರಿಯ ನಿವಾಸವನ್ನು ಕಲ್ಪಿಸುವ 'ಇಂಡಿಯಾ ಸಾಂಗ್' (1975) ಚಿತ್ರದಲ್ಲಿ ನಟರು ತುಟಿ ಬಿಚ್ಚುವುದೇ ಇಲ್ಲ. ಅವರ ಕಥೆಯನ್ನು ತೆರೆಯ ಆಚೆಯ ದನಿಗಳು ನೆನೆಯುತ್ತ, ಮರೆಯುತ್ತ, ಒಂದನ್ನೊಂದು ಕೇಳುತ್ತ ಕಟ್ಟುತ್ತವೆ. ಭಾರತದಲ್ಲಿ ಒಂದು ಚೌಕಟ್ಟನ್ನೂ ಚಿತ್ರೀಕರಿಸದೆ, ಪ್ಯಾರಿಸ್ಸಿನ ಅಂಚಿನ ರಾತ್ಸ್‌ಚೈಲ್ಡ್ ಬಂಗಲೆಯಲ್ಲಿ ತೆಗೆದ ಈ ಚಿತ್ರದಲ್ಲಿ ಕಲ್ಕತ್ತೆ ಇರುವುದು ಹಕ್ಕಿಗಳ ಕೂಗಿನಲ್ಲಿ, ಭಿಕ್ಷುಕಿಯೊಬ್ಬಳ ಲಾವೋಸಿನ ಹಾಡಿನಲ್ಲಿ. ಅದು ಭಾರತೀಯರು ಗುರುತಿಸುವ ಕಲ್ಕತ್ತೆಯಲ್ಲ, ವಸಾಹತುಗಾರರ ಮನಸ್ಸಿನೊಳಗಿನ ದಣಿವಿನ ನಗರ. ಮರುವರ್ಷ ದ್ಯುರಾಸ್ ಇದೇ ಧ್ವನಿಪಥವನ್ನು ಇಡಿಯಾಗಿ ಎತ್ತಿಕೊಂಡು, ಅದೇ ಬಂಗಲೆಯ ಪಾಳುಬಿದ್ದ ಕೋಣೆಗಳ, ಒಡೆದ ಗಾಜುಗಳ ದೃಶ್ಯಗಳನ್ನು ಅದಕ್ಕೆ ಜೋಡಿಸಿ 'ನಿರ್ಜನ ಕಲ್ಕತ್ತೆಯಲ್ಲಿ ಅವಳ ವೆನಿಸ್ ಹೆಸರು' ಎಂಬ ಎರಡನೆಯ ಚಿತ್ರವನ್ನು ಮಾಡಿದಳು. ಒಂದೇ ಧ್ವನಿಗೆ ಎರಡು ಚಿತ್ರಗಳು ಸಾಧ್ಯವಾದಾಗ ಯಾವುದು ಮೂಲ, ಯಾವುದು ಅಲಂಕಾರ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

1981ರ 'ಲಾಮ್ ಅಟ್ಲಾಂಟಿಕ್' ಈ ದಾರಿಯ ಕೊನೆ. ಅದೇ ವರ್ಷದ 'ಆಗಾತಾ' ಚಿತ್ರದಲ್ಲಿ ಬಳಸದೆ ಉಳಿದ ತುಣುಕುಗಳು ಅಲ್ಲಲ್ಲಿ ಬಂದುಹೋದರೂ ಅರ್ಧಕ್ಕಿಂತ ಹೆಚ್ಚು ಕಾಲ ತೆರೆ ಕಪ್ಪಾಗಿಯೇ ಇರುತ್ತದೆ. ಅಗಲಿದ ವ್ಯಕ್ತಿಯೊಬ್ಬನನ್ನು ನೇರವಾಗಿ ಸಂಬೋಧಿಸುತ್ತ, ಎಲ್ಲಿ ನೋಡಬೇಕು, ಹೇಗೆ ನಡೆಯಬೇಕು, ಯಾವಾಗ ಮರೆಯಬೇಕು ಎಂದು ದ್ಯುರಾಸಳ ಸ್ವಂತ ದನಿ ಅಪ್ಪಣೆ ಕೊಡುತ್ತ ಹೋಗುತ್ತದೆ. ನಿರ್ದೇಶಕಿ ನಟನಿಗೆ ಕೊಡುವ ಸೂಚನೆಯೂ ಪ್ರೇಯಸಿಯ ಹಂಬಲವೂ ಇಲ್ಲಿ ಒಂದೇ ಮಾತಾಗಿರುವುದರಿಂದ, ಆ ವ್ಯಕ್ತಿ ಕಾಣದಿರುವುದೇ ಚಿತ್ರದ ವಸ್ತುವಾಗಿದೆ.

'ಬ್ಲೂ'

ಈ ಪ್ರಕಾರದಲ್ಲಿ ಅತಿ ಹೆಚ್ಚು ಜನರನ್ನು ತಲುಪಿದ ಕೃತಿ ಇಂಗ್ಲೆಂಡಿನ ಡೆರೆಕ್ ಜಾರ್ಮನ್‌ನ 'ಬ್ಲೂ' (1993). ಚಿತ್ರಕಾರನೂ ತೋಟಗಾರನೂ ಆಗಿದ್ದ ಜಾರ್ಮನ್‌ಗೆ ಎಚ್‌ಐವಿ ಸೋಂಕು ಇರುವುದು 1986ರ ಡಿಸೆಂಬರಿನಲ್ಲಿ ತಿಳಿಯಿತು. ರೋಗನಿರೋಧಕ ಶಕ್ತಿ ಕುಂದಿದಾಗ ಸೈಟೊಮೆಗಲೊ ಎಂಬ ವೈರಸ್ಸು ಕಣ್ಣಿನ ಅಕ್ಷಿಪಟಲವನ್ನು ತಿನ್ನುತ್ತದೆ. ಜಾರ್ಮನ್ ಹೀಗೆ ದೃಷ್ಟಿ ಕಳೆದುಕೊಳ್ಳುತ್ತ, ಕಣ್ಣೊಳಗೆ ನೀಲಿಯ ಮಿಂಚುಗಳನ್ನು ಕಾಣುತ್ತ ಇದ್ದಾಗ ಈ ಚಿತ್ರ ರೂಪುಗೊಂಡಿತು. ಬಣ್ಣ ಮಾತ್ರ ಅದಕ್ಕೂ ಹಿಂದಿನದು. ಫ್ರೆಂಚ್ ಕಲಾವಿದ ಈವ್ ಕ್ಲೈನ್ (1928–62) ತನ್ನ ಏಕವರ್ಣ ಚಿತ್ರಗಳಿಗಾಗಿ ರೂಪಿಸಿದ ಗಾಢ ನೀಲಿಯ ಬಗ್ಗೆಯೂ, 20 ನಿಮಿಷ ಒಂದೇ ಸ್ವರಮೇಳ ಮತ್ತು 20 ನಿಮಿಷ ಮೌನವಿರುವ ಅವನ ಸಿಂಫನಿಯ ಬಗ್ಗೆಯೂ ಚಿತ್ರ ಮಾಡಬೇಕೆಂಬ ಯೋಚನೆ ಜಾರ್ಮನ್‌ನಲ್ಲಿ ವರ್ಷಗಳಿಂದ ಇತ್ತು. ಕಾಯಿಲೆ ಆ ಯೋಚನೆಗೆ ಅದರ ನಿಜವಾದ ವಸ್ತುವನ್ನು ಒದಗಿಸಿತು.

79 ನಿಮಿಷಗಳ ಉದ್ದಕ್ಕೂ ತೆರೆ ಅದೇ ನೀಲಿಯಾಗಿರುತ್ತದೆ. ನೈಜೆಲ್ ಟೆರ್ರಿ, ಜಾನ್ ಕ್ವೆಂಟಿನ್, ಟಿಲ್ಡಾ ಸ್ವಿಂಟನ್ ಮತ್ತು ಸ್ವತಃ ಜಾರ್ಮನ್ ದಿನಚರಿ, ಪದ್ಯ, ಶಾಪ, ಹಾಸ್ಯಗಳು ಬೆರೆತ ಪಠ್ಯವನ್ನು ಓದುತ್ತಾರೆ. ಸೈಮನ್ ಫಿಶರ್ ಟರ್ನರ್‌ನ ಸಂಗೀತದೊಂದಿಗೆ ಗಂಟೆ, ಹೆಜ್ಜೆಸಪ್ಪಳ, ಅಲೆಗಳ ಮೊರೆತ, ಕಾಫಿ ಅಂಗಡಿಯ ಗದ್ದಲಗಳು ಹೆಣೆದುಕೊಂಡಿವೆ. ಆಸ್ಪತ್ರೆಯ ಕಾಯುವ ಕೋಣೆ, ಕಣ್ಣಿಗೆ ಬಿಡುವ ಹನಿ, ರಕ್ತನಾಳಕ್ಕೆ ಇಳಿಯುವ ಔಷಧದ ತೊಟ್ಟಿಕ್ಕು ಇವೆಲ್ಲ ಒಂದೊಂದಾಗಿ ಬರುತ್ತವೆ. ಒಂದೆಡೆ ಆ ಔಷಧದ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿಯನ್ನು ಏರಿಳಿತವಿಲ್ಲದೆ ಓದಲಾಗುತ್ತದೆ. ಪಟ್ಟಿ ಮುಗಿಯುವುದೇ ಇಲ್ಲವೆನಿಸುವ ಹೊತ್ತಿಗೆ ರೋಗಿಯ ಅಸಹಾಯಕತೆ ಕೇಳುಗನ ಮೈಗೂ ತಟ್ಟುತ್ತದೆ. ಇನ್ನೊಂದೆಡೆ, ಅಂಗಡಿಯ ಕಿಟಕಿಯಲ್ಲಿ ಕಂಡ ಚಪ್ಪಲಿ ಜೋಡನ್ನು ಕೊಳ್ಳಲು ಒಳಹೋಗಬೇಕೆಂದುಕೊಂಡವನು, ಕಾಲಲ್ಲಿರುವುದೇ ತನ್ನ ಉಳಿದ ದಾರಿಗೆ ಸಾಕೆಂದು ಸುಮ್ಮನಾಗುತ್ತಾನೆ. ಸಾಯುತ್ತಿರುವ ಮನುಷ್ಯನ ಮುಖವನ್ನು ಅಂದಿನ ಪತ್ರಿಕೆಗಳೂ ದೂರದರ್ಶನವೂ ಭಯ ಹುಟ್ಟಿಸುವ ಚಿತ್ರವಾಗಿ ಮಾರುತ್ತಿದ್ದ ಕಾಲದಲ್ಲಿ, ಜಾರ್ಮನ್ ಆ ಮುಖವನ್ನು ಕೊಡಲು ನಿರಾಕರಿಸಿ ತನ್ನ ಮಾತನ್ನು ಕೊಟ್ಟನು. ಕರುಣೆಯನ್ನು ಬೇಡದೆ ಇಷ್ಟು ಹತ್ತಿರದಿಂದ ರೋಗವನ್ನು ಹೇಳಿದ ಇನ್ನೊಂದು ಚಿತ್ರ ಸಿಗುವುದು ದುರ್ಲಭ.

ಒಂದೇ ಬಣ್ಣವನ್ನು ಬಹಳ ಹೊತ್ತು ನೋಡಿದಾಗ ಕಣ್ಣು ಸುಮ್ಮನಿರುವುದಿಲ್ಲವೆಂಬುದೂ ಇಲ್ಲಿ ಮುಖ್ಯ. ಏಕರೂಪದ ಬೆಳಕಿಗೆ ಒಡ್ಡಿಕೊಂಡ ಅಕ್ಷಿಪಟಲದಲ್ಲಿ ನೆರಳು, ಚುಕ್ಕೆ, ಅಲೆಗಳು ತಾವಾಗಿ ಮೂಡತೊಡಗುತ್ತವೆ. ಫಿಲ್ಮಿನ ಪ್ರತಿಯಾದರೆ ಧೂಳು ಮತ್ತು ಗೀರುಗಳೂ ಸೇರಿಕೊಳ್ಳುತ್ತವೆ. ಹೀಗಾಗಿ ತನ್ನದೇ ಆದ ಒಂದು ಚಲನೆ ಈ ನೀಲಿಗಿದೆ. 1993ರ ಸೆಪ್ಟೆಂಬರ್ 19ರಂದು ಬ್ರಿಟನ್ನಿನ ಚಾನೆಲ್ 4 ದೂರದರ್ಶನ ಮತ್ತು ಬಿಬಿಸಿ ರೇಡಿಯೊ 3 ಇದನ್ನು ಏಕಕಾಲಕ್ಕೆ ಬಿತ್ತರಿಸಿದವು. ಬಾನುಲಿಯ ಶ್ರೋತೃಗಳು ಕೇಳುತ್ತ ದಿಟ್ಟಿಸಲೆಂದು ನೀಲಿಯ ಕಾರ್ಡೊಂದನ್ನು ತರಿಸಿಕೊಳ್ಳಬಹುದಾಗಿತ್ತು. ಐದು ತಿಂಗಳ ಅನಂತರ, 1994ರ ಫೆಬ್ರವರಿ 19ರಂದು, ಜಾರ್ಮನ್ ತೀರಿಕೊಂಡನು.

'ಬ್ಲೂ' ಬಂದ ಅನಂತರ ಒಂದೇ ಬಣ್ಣದ ತೆರೆಯನ್ನು ನೆಚ್ಚಿದ ಇನ್ನೊಂದು ಚಿತ್ರ, ಪೋರ್ಚುಗಲ್ಲಿನ ಝುವಾಂವ್ ಸೇಜರ್ ಮೊಂತೇಯ್ರುವಿನ 'ಬ್ರಾಂಕ ದ ನೆವ್' (2000) ಸ್ವಿಸ್ ಲೇಖಕ ರಾಬರ್ಟ್ ವಾಲ್ಸರ್ ಬರೆದ ಹಿಮಗೌರಿಯ ನಾಟಕವನ್ನು ಬಹುಮಟ್ಟಿಗೆ ಕಪ್ಪು ತೆರೆಯ ಮೇಲೆ ನಟರ ದನಿಯಲ್ಲಿ ನಡೆಸುತ್ತದೆ. 1956ರ ಕ್ರಿಸ್‌ಮಸ್ ದಿನ ಹಿಮದಲ್ಲಿ ನಡೆಯುತ್ತಲೇ ಕುಸಿದು ಸತ್ತ ವಾಲ್ಸರನ ಛಾಯಾಚಿತ್ರಗಳಿಂದ ಚಿತ್ರ ಆರಂಭವಾಗುತ್ತದೆ. ನಡುನಡುವೆ ಆಕಾಶದ ದೃಶ್ಯಗಳು ಕ್ಷಣಕಾಲ ತೆರೆದು ಮುಚ್ಚಿಕೊಳ್ಳುತ್ತವೆ. ಸಾರ್ವಜನಿಕರ ಹಣದಿಂದ ಏನನ್ನೂ ತೋರಿಸದ ಚಿತ್ರ ಮಾಡಬಹುದೆ ಎಂಬ ಜಗಳ ಪೋರ್ಚುಗಲ್ಲಿನಲ್ಲಿ ಎದ್ದಿತು. ಆ ಗದ್ದಲದಲ್ಲಿ ಚಿತ್ರದ ಸೂಕ್ಷ್ಮವಾದ ವಾಚನವನ್ನು ಗಮನಿಸಿದವರು ಕಡಿಮೆ.

ತೋರಿಸಲಾಗದ್ದು, ತೋರಿಸಬಾರದ್ದು

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳ ಮೇಲೆ ನಡೆದ ದಾಳಿಯ ದೃಶ್ಯಗಳನ್ನು ಜಗತ್ತಿನ ದೂರದರ್ಶನಗಳು ಎಣಿಕೆಗೆ ಸಿಗದಷ್ಟು ಸಲ ತೋರಿಸಿದ್ದರಿಂದ, ಅದನ್ನು ಮತ್ತೆ ತೋರಿಸುವುದೆಂದರೇನು ಎಂಬ ಪ್ರಶ್ನೆ ಚಿತ್ರನಿರ್ಮಾಪಕರನ್ನು ಕಾಡಿತು. ಹನ್ನೊಂದು ನಿರ್ದೇಶಕರ ಕಿರುಚಿತ್ರಗಳ 2002ರ ಸಂಕಲನದಲ್ಲಿ ಮೆಕ್ಸಿಕೊದ ಅಲೆಹಾಂದ್ರೊ ಇನ್ಯಾರಿತು ತನ್ನ ಪಾಲಿನ ಹನ್ನೊಂದು ನಿಮಿಷಗಳ ಬಹುಭಾಗವನ್ನು ಕಪ್ಪಾಗಿಯೇ ಬಿಟ್ಟು ಪ್ರಾರ್ಥನೆ, ಸುದ್ದಿವಾಚನ, ಕೊನೆಯ ಫೋನ್ ಕರೆಗಳನ್ನು ಕೇಳಿಸಿದನು. ಆದರೆ ಕಟ್ಟಡದಿಂದ ಬೀಳುವ ಮನುಷ್ಯರ ದೃಶ್ಯಗಳನ್ನು ಮಿಂಚಿನಂತೆ ನಡುವೆ ತೂರಿಸಿದ್ದಾನೆ; ಕತ್ತಲೆ ಕೊಟ್ಟಿದ್ದ ಗೌರವವನ್ನು ಆ ಮಿಂಚು ಕಿತ್ತುಕೊಂಡಂತಾಗಿದೆ. ಇರಾನಿನ ಅಬ್ಬಾಸ್ ಕಿಯಾರೊಸ್ತಮಿಯ 'ಶಿರಿನ್' (2008) ಇದಕ್ಕಿಂತ ಸಂಯಮದ್ದು: 114 ಇರಾನಿ ನಟಿಯರೂ ಒಬ್ಬ ಫ್ರೆಂಚ್ ನಟಿಯೂ ಸಿನಿಮಾ ನೋಡುತ್ತಿರುವಂತೆ ಅವರ ಮುಖಗಳನ್ನು ಮಾತ್ರ ತೋರಿಸಿ, ಖುಸ್ರೊ ಮತ್ತು ಶಿರಿನ್ನರ ಪ್ರೇಮಕಥೆಯನ್ನು ಪೂರ್ತಿಯಾಗಿ ಧ್ವನಿಗೆ ಬಿಟ್ಟಿದೆ.

ನೋಡುವುದರ ನೈತಿಕತೆಯನ್ನು ಅತ್ಯಂತ ಆಳವಾಗಿ ಪ್ರಶ್ನಿಸಿದ ಇತ್ತೀಚಿನ ಕೃತಿ ಎರ್ನ್ಸ್ಟ್ ಕರೇಲ್ ಮತ್ತು ವೆರೊನಿಕಾ ಕುಸುಮಾರ್ಯಾತಿ ಅವರ 'ಎಕ್ಸ್‌ಪೆಡಿಶನ್ ಕಂಟೆಂಟ್' (2020). ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಾಡಿ ವಸ್ತುಸಂಗ್ರಹಾಲಯ 1961ರಲ್ಲಿ ಆಗಿನ ಡಚ್ ನ್ಯೂಗಿನಿಯ ಬಲಿಯೆಮ್ ಕಣಿವೆಗೆ ಕಳಿಸಿದ ತಂಡವು ಅಲ್ಲಿನ ಹುಬುಲಾ ಜನರನ್ನು ಅಧ್ಯಯನ ಮಾಡಿತು. ರಾಬರ್ಟ್ ಗಾರ್ಡ್‌ನರ್‌ನ ಪ್ರಸಿದ್ಧ ಜನಾಂಗ ಸಾಕ್ಷ್ಯಚಿತ್ರ 'ಡೆಡ್ ಬರ್ಡ್ಸ್' ಅದರ ಫಲ. ಆ ತಂಡದಲ್ಲಿ ಧ್ವನಿಮುದ್ರಣದ ಹೊಣೆ ಹೊತ್ತಿದ್ದವನು ಅಮೆರಿಕದ ಭಾರೀ ಸಿರಿವಂತ ಮನೆತನದ ತರುಣ ಮೈಕೆಲ್ ರಾಕ್‌ಫೆಲರ್. ಅದೇ ವರ್ಷದ ನವೆಂಬರಿನಲ್ಲಿ ಅದೇ ದ್ವೀಪದ ಅಸ್ಮಾತ್ ಪ್ರದೇಶದಲ್ಲಿ ಅವನು ಕಣ್ಮರೆಯಾದನು. ಅವನು ಮುದ್ರಿಸಿದ 37 ಗಂಟೆಗಳ ಟೇಪುಗಳಿಂದ ಆಯ್ದು ಕಟ್ಟಿದ ಈ 78 ನಿಮಿಷದ ಚಿತ್ರದಲ್ಲಿ ದೃಶ್ಯ ಇಲ್ಲವೆನ್ನುವಷ್ಟು ವಿರಳ.

ಕೇಳುತ್ತ ಹೋದಂತೆ ಎರಡು ಲೋಕಗಳು ಕತ್ತಲಲ್ಲಿ ಬಿಚ್ಚಿಕೊಳ್ಳುತ್ತವೆ. ಹಾಡು, ನಗು, ಅಳು, ಮಳೆ, ಕೀಟಗಳ ಕಿರುಗುಟ್ಟುವಿಕೆ ಒಂದು ಕಡೆಗೆ. ಮುದ್ರಣಕ್ಕೆ ಮೊದಲು ಏನನ್ನು ಮುದ್ರಿಸುತ್ತಿದ್ದೇನೆಂದು ಇಂಗ್ಲಿಷಿನಲ್ಲಿ ಗುರುತು ಹೇಳಿಕೊಳ್ಳುವ ರಾಕ್‌ಫೆಲರನ ಎಳೆಯ ದನಿ ಇನ್ನೊಂದು ಕಡೆಗೆ. ಸಾಮಾನ್ಯ ಸಾಕ್ಷ್ಯಚಿತ್ರದಲ್ಲಿ ಈ ಗುರುತಿನ ಮಾತನ್ನು ಸಂಕಲನಕಾರ ಕತ್ತರಿಸಿ ಎಸೆಯುತ್ತಾನೆ, ಕ್ಯಾಮೆರಾ ಹಿಡಿದವನು ಕಾಣದಾಗುತ್ತಾನೆ, ನೋಡಿಸಿಕೊಳ್ಳುವವರು ಮಾತ್ರ ಉಳಿಯುತ್ತಾರೆ. ಇಲ್ಲಿ ಹುಬುಲಾ ಜನರ ಮೈಯನ್ನು ನೋಡುವ ಅವಕಾಶವೇ ಇಲ್ಲದಿರುವುದರಿಂದ ಪಾತ್ರಗಳು ಅದಲುಬದಲಾಗುತ್ತವೆ: ತಂಡದವರ ಉಸಿರು, ಹಮ್ಮು, ತಮ್ಮೊಳಗಿನ ಹರಟೆಗಳೇ ಅಧ್ಯಯನದ ವಸ್ತುವಾಗುತ್ತವೆ. ಜನಾಂಗ ವಿವರಣೆಯ ಚಿತ್ರಗಳ ಬಗ್ಗೆ ಪುಸ್ತಕಗಳಲ್ಲಿ ಆರು ದಶಕ ಕಾಲ ನಡೆದ ಆತ್ಮಪರಿಶೀಲನೆ ಸಾಧಿಸಿದ್ದಕ್ಕಿಂತ ಹೆಚ್ಚನ್ನು ಈ ಹಳೆಯ ಟೇಪುಗಳ ಜೋಡಣೆ ಸಾಧಿಸಿದೆಯೆಂದರೆ ಅತಿಶಯವಾಗದು.

ತಾತ್ತ್ವಿಕ ಚರ್ಚೆ

ಮೂಲವನ್ನು ಕಾಣದೆ ಕೇಳುವ ಸದ್ದಿಗೆ ಶೆಫರ್ ಅಕೂಸ್ಮ್ಯಾಟಿಕ್ ಎಂಬ ಗ್ರೀಕ್ ಮೂಲದ ಪಾರಿಭಾಷಿಕವನ್ನು ಬಳಸಿದನು; ಪೈಥಾಗೊರಸ್ ತೆರೆಯ ಹಿಂದಿನಿಂದ ಪಾಠ ಹೇಳುತ್ತಿದ್ದನೆಂಬ ಐತಿಹ್ಯದಿಂದ ಇದು ಬಂದಿದೆ. ಇದನ್ನು ಸಿನಿಮಾಕ್ಕೆ ಅನ್ವಯಿಸಿದ ಫ್ರೆಂಚ್ ಚಿತ್ರಚಿಂತಕ ಮಿಶೆಲ್ ಶಿಯೋನ್, ಕಾಣದ ದನಿಗೆ ಎಲ್ಲೆಡೆ ಇರುವ, ಎಲ್ಲವನ್ನೂ ಬಲ್ಲ ಶಕ್ತಿ ಇರುವಂತೆ ತೋರುತ್ತದೆಂದೂ, ಮಾತನಾಡುವ ಬಾಯಿ ಕಂಡೊಡನೆ ಆ ಶಕ್ತಿ ಕರಗುತ್ತದೆಂದೂ 1982ರ ತನ್ನ ಗ್ರಂಥದಲ್ಲಿ ವಿವರಿಸಿದನು. ಅವನ ಇನ್ನೊಂದು ವಾದ ಹೀಗಿದೆ: ಚಿತ್ರದ ಸದ್ದುಗಳೆಲ್ಲ ಚೌಕಟ್ಟಿನ ಒಳಗಿನವು, ಹೊರಗಿನವು ಎಂದು ಬಿಂಬದ ಆಧಾರದಿಂದಲೇ ವಿಂಗಡಗೊಳ್ಳುವುದರಿಂದ, ಸ್ವತಂತ್ರವಾದ ಧ್ವನಿಪಥವೆಂಬುದೇ ಇಲ್ಲ. ಬಿಂಬರಹಿತ ಚಿತ್ರ ಈ ವಾದಕ್ಕೆ ಕಠಿಣ ಪರೀಕ್ಷೆ. ಅಲ್ಲಿ ಒಳಗು ಹೊರಗುಗಳ ಭೇದ ಅಳಿದು, ಹತ್ತಿರ ದೂರ, ಮುಂದು ಹಿಂದು, ತಡೆದ ಸದ್ದು ಮಾರ್ದನಿಸುವ ಸದ್ದು ಎಂಬ ಬೇರೆಯೇ ವಿಂಗಡಣೆ ಏಳುತ್ತದೆ. ಕಿವಿಯೊಂದರಿಂದಲೇ ಜಾಗವನ್ನು ಅರಿಯುವ ಈ ಬಗೆಗೆ ಬದುಕಿನಲ್ಲಿಯೂ ನಿದರ್ಶನವಿದೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದ, ನಡುವಯಸ್ಸಿನಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ ಧರ್ಮಶಾಸ್ತ್ರಜ್ಞ ಜಾನ್ ಹಲ್, ಮಳೆ ಬಿದ್ದಾಗ ಮಾತ್ರ ತನಗೆ ಅಂಗಳದ ಆಕಾರ ತಿಳಿಯುತ್ತದೆಂದು ತನ್ನ ಧ್ವನಿ ದಿನಚರಿಯಲ್ಲಿ ದಾಖಲಿಸಿದ್ದಾನೆ: ಹುಲ್ಲು, ಎಲೆ, ದಾರಿ, ಬೇಲಿಗಳ ಮೇಲೆ ಬೀಳುವ ಹನಿಯ ಸದ್ದು ಬೇರೆ ಬೇರೆಯಾಗಿರುವುದರಿಂದ ಇಡೀ ನೋಟ ಒಮ್ಮೆಗೇ ಹರಡಿಕೊಳ್ಳುತ್ತದೆ. ಈ ದಿನಚರಿಯ ಮೂಲ ಕ್ಯಾಸೆಟ್ಟುಗಳನ್ನೇ ಬಳಸಿ ನಟರು ಅದಕ್ಕೆ ತುಟಿ ಸೇರಿಸಿದ 'ನೋಟ್ಸ್ ಆನ್ ಬ್ಲೈಂಡ್‌ನೆಸ್' 2016ರಲ್ಲಿ ತೆರೆ ಕಂಡಿತು.

ಪ್ರದರ್ಶನದ ಸಮಸ್ಯೆಗಳು

ಇಂಥ ಚಿತ್ರಗಳಿಗೆ ಸಾಮಾನ್ಯ ಚಿತ್ರಮಂದಿರ ಅಷ್ಟಾಗಿ ಒಗ್ಗುವುದಿಲ್ಲ. ತುರ್ತು ದ್ವಾರದ ದೀಪ, ಮೊಬೈಲಿನ ಬೆಳಕು, ಹವಾನಿಯಂತ್ರಕದ ಗುಂಯ್‌ಗುಡುವಿಕೆ ಇವೆಲ್ಲ ಸಾಮಾನ್ಯ ಚಿತ್ರದಲ್ಲಿ ಗಮನಕ್ಕೆ ಬಾರದಿದ್ದರೂ ಇಲ್ಲಿ ಕೃತಿಯೊಳಕ್ಕೇ ನುಗ್ಗುತ್ತವೆ. ಕುಬೆಲ್ಕಾ 1970ರಲ್ಲಿ ನ್ಯೂಯಾರ್ಕಿನ ಆಂಥಾಲಜಿ ಫಿಲ್ಮ್ ಆರ್ಕೈವ್ಸ್‌ಗಾಗಿ ರೂಪಿಸಿದ ಅದೃಶ್ಯ ಚಿತ್ರಮಂದಿರದಲ್ಲಿ ಗೋಡೆ, ಚಾವಣಿ, ನೆಲಗಳೆಲ್ಲ ಕಪ್ಪಾಗಿದ್ದು, ಪಕ್ಕದವರು ಕಾಣದಂತೆ ಕುರ್ಚಿಗಳ ನಡುವೆ ಅಡ್ಡಹಲಗೆಗಳಿದ್ದವು. ದಬೋರ್ ಅದನ್ನು ಒಪ್ಪುತ್ತಿರಲಿಲ್ಲವೆನ್ನಬಹುದು, ಏಕೆಂದರೆ ಅವನ ಚಿತ್ರಕ್ಕೆ ಪಕ್ಕದವರ ಸಿಡಿಮಿಡಿಯೇ ಬೇಕಾಗಿತ್ತು. ಡಿಜಿಟಲ್ ಪ್ರತಿಗಳು ಬಂದಮೇಲೆ ಇನ್ನೊಂದು ತೊಡಕು ಸೇರಿದೆ: ಕಪ್ಪು ಫಿಲ್ಮಿನ ಮೇಲೆ ಆಡುತ್ತಿದ್ದ ಧೂಳು ಗೀರುಗಳು ಮಾಯವಾಗಿ ತೆರೆ ನಿಶ್ಚಲವಾಗಿದೆ, ಪ್ರೊಜೆಕ್ಟರಿನಲ್ಲಿ ಏನಾದರೂ ಕೆಟ್ಟಿದೆಯೆ ಎಂಬ ಸಂಶಯ ಪ್ರೇಕ್ಷಕರಿಗೆ ಬೇಗ ಬರುತ್ತದೆ.

ಎಲ್ಲಕ್ಕಿಂತ ಬಿಡಿಸಲಾಗದ ಸಮಸ್ಯೆ ಅನುವಾದದ್ದು. ಮಾತು ತಿಳಿಯದವರಿಗಾಗಿ ತೆರೆಯ ಕೆಳಗೆ ಅಡಿಬರಹ ಹಾಕಿದರೆ, ಇಡೀ ಕತ್ತಲೆಯಲ್ಲಿ ಆ ಅಕ್ಷರಗಳೇ ಏಕಮಾತ್ರ ಬಿಂಬವಾಗಿ ಕೇಳುವ ಪ್ರೇಕ್ಷಕ ಓದುಗನಾಗಿಬಿಡುತ್ತಾನೆ. ಬೇರೆ ಭಾಷೆಯಲ್ಲಿ ಮರುಧ್ವನಿ ಕೊಟ್ಟರೆ ಕೃತಿಯ ಶರೀರವೇ ಬದಲಾಗುತ್ತದೆ. ಅಡಿಬರಹವಿಲ್ಲದೆ, ಅನುವಾದದ ಮುದ್ರಿತ ಪುಟಗಳನ್ನು ಪ್ರದರ್ಶನಕ್ಕೆ ಮೊದಲು ಪ್ರೇಕ್ಷಕರ ಕೈಗೆ ಕೊಡುವುದು ಇವೆರಡಕ್ಕಿಂತ ಕಡಿಮೆ ಹಾನಿಯ ದಾರಿ. ಕನ್ನಡದಲ್ಲಿ ಇಂಥ ಚಿತ್ರಗಳನ್ನು ತೋರಿಸಬಯಸುವ ಫಿಲ್ಮ್ ಸೊಸೈಟಿಗಳಿಗೂ ಇದೇ ಸೂಕ್ತ. ದನಿಯನ್ನು ಬದಲಿಸಿದರೂ ಕೃತಿ ಉಳಿಯಬಲ್ಲುದೆ ಎಂಬುದಕ್ಕೆ ಒಂದು ಉತ್ತರ 'ಬ್ಲೂ' ಚಿತ್ರದ ಮೂವತ್ತನೆಯ ವರ್ಷವಾದ 2023ರಲ್ಲಿ ದೊರೆಯಿತು. ನೀಲ್ ಬಾರ್ಟ್ಲೆಟ್ ನಿರ್ದೇಶನದ 'ಬ್ಲೂ ನೌ' ಪ್ರಯೋಗದಲ್ಲಿ ಅದೇ ನೀಲಿಯ ತೆರೆಯ ಮುಂದೆ ರಸೆಲ್ ಟೋವಿ ಮೊದಲಾದ ಹೊಸ ತಲೆಮಾರಿನ ವಾಚಕರು ಜಾರ್ಮನ್‌ನ ಪಠ್ಯವನ್ನು ರಂಗದ ಮೇಲೆ ಓದಿದರು, ಮೂಲ ಚಿತ್ರಕ್ಕೆ ಸಂಗೀತ ಕೊಟ್ಟಿದ್ದ ಸೈಮನ್ ಫಿಶರ್ ಟರ್ನರ್ ಹೊಸದಾಗಿ ಅದಕ್ಕೆ ಸಂಗೀತವನ್ನು ನುಡಿಸಿದನು.